ಕಾಡಿಗೆ ಗೆರೆ ಹೇಳುವ ಹೊನ್ನಕ್ಕಿಯ ಕತೆ

ಮೈಯೆಲ್ಲ ಚಿನ್ನದ ಹಳದಿ, ರೆಕ್ಕೆ ಮತ್ತು ಬಾಲದಲ್ಲಿ ಕಪ್ಪು, ಗುಲಾಬಿ ಬಣ್ಣದ ಕೊಕ್ಕು, ಕೆಂಪು ಕಣ್ಣು. ಇಷ್ಟೊಂದು ಬಣ್ಣ ಹೊತ್ತ ಹಕ್ಕಿ ಮರದ ಮೇಲೆ ಕುಳಿತರೆ ಯಾರ ಕಣ್ಣಿಗಾದರೂ ಥಟ್ಟನೆ ಬೀಳಬೇಕು. ಹೊನ್ನಕ್ಕಿಯ ವಿಷಯದಲ್ಲಿ ಹಾಗಾಗುವುದಿಲ್ಲ. ಗೊರವಂಕದ ಗಾತ್ರದ ಈ ಹಕ್ಕಿ ನೆಲಕ್ಕಿಳಿಯುವುದು ಅಪರೂಪ. ಆಲ, ಅತ್ತಿ, ಮಾವಿನಂಥ ದೊಡ್ಡ ಮರಗಳ ನೆತ್ತಿಯೇ ಅದರ ಮನೆ. ಅಲ್ಲಿ ಬಿಸಿಲು ಬಿದ್ದು ಹೊಳೆಯುವ ಎಲೆಗಳ ನಡುವೆ ಅದರ ಹಳದಿಯೂ ಬಿಸಿಲಿನ ಒಂದು ತುಣುಕಿನಂತೆ ಕರಗಿಹೋಗುತ್ತದೆ. ನಮಗೆ ಮೊದಲು ಸಿಗುವುದು ಕೊಳಲಿನಂಥ ಸಿಳ್ಳೆ ಮಾತ್ರ. ಹಕ್ಕಿ ಕಾಣಬೇಕಾದರೆ ಕತ್ತು ನೋಯುವಷ್ಟು ಹೊತ್ತು ಕಾಯಬೇಕು.

ಈ ಹಕ್ಕಿಯನ್ನು ಮನುಷ್ಯ ನೋಡುತ್ತ ಬಂದ ಬಗೆಗೂ ಒಂದು ಇತಿಹಾಸವಿದೆ. ಕಣ್ಣಿನ ಬಳಿಯ ಒಂದು ಸಣ್ಣ ಕಪ್ಪು ಗೆರೆಗೆ ಆ ಇತಿಹಾಸದಲ್ಲಿ ದೊಡ್ಡ ಪಾತ್ರವಿದೆ ಎಂದರೆ ಆಶ್ಚರ್ಯವಾಗಬಹುದು.

ನೋಟವೇ ಔಷಧ

ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ಕಾಲದ ವಿಚಿತ್ರ ನಂಬಿಕೆಯೊಂದನ್ನು ಬರೆದಿಟ್ಟಿದ್ದಾನೆ. ಕಾಮಾಲೆ ಬಂದವರು ಒಂದು ಹಳದಿ ಹಕ್ಕಿಯನ್ನು ನೋಡಿದರೆ ರೋಗ ವಾಸಿಯಾಗುತ್ತದೆ, ಹಕ್ಕಿ ಸಾಯುತ್ತದೆ ಎಂಬುದು ಆ ನಂಬಿಕೆ. ಆ ಹಕ್ಕಿ ಯೂರೋಪಿನ ಹೊನ್ನಕ್ಕಿಯೇ ಇರಬೇಕೆಂದು ಹಲವರು ಊಹಿಸಿದ್ದಾರೆ. ಇಂಗ್ಲಿಷಿನ 'ಓರಿಯೋಲ್' ಎಂಬ ಹೆಸರಿನ ಮೂಲವೂ ಚಿನ್ನದ ಬಣ್ಣವನ್ನು ಸೂಚಿಸುವ ಲ್ಯಾಟಿನ್ ಪದ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಜೀವಿಗಳ ಹೆಸರಿನ ಪಟ್ಟಿ ಪ್ರಕಟಿಸಿದಾಗ ಯೂರೋಪಿನ ಈ ಹಕ್ಕಿಗೂ ಅದರಲ್ಲಿ ಜಾಗ ಸಿಕ್ಕಿತು.

ಭಾರತದಲ್ಲಿದ್ದ ಇಂಗ್ಲಿಷರು ನಮ್ಮ ಹೊನ್ನಕ್ಕಿಯನ್ನು ಕಂಡು 'ಮಾವಿನ ಹಕ್ಕಿ' ಎಂದು ಕರೆದರು. ಮಾವಿನ ತೋಪುಗಳಿಂದ ಅದರ ಸಿಳ್ಳೆ ಕೇಳಿಬರುತ್ತಿದ್ದುದರಿಂದ ಈ ಹೆಸರು ರೂಢಿಗೆ ಬಂತು. ಆದರೆ ಇದು ಯೂರೋಪಿನ ಹಕ್ಕಿಯೇ ಅಥವಾ ಬೇರೆಯೇ?

ಲೆಕ್ಕ ಬರೆಯಲು ಬಂದ ಸೈನಿಕ

ಆ ಪ್ರಶ್ನೆಗೆ ಉತ್ತರ ಕೊಟ್ಟವರು ವಿಲಿಯಂ ಹೆನ್ರಿ ಸೈಕ್ಸ್. ಮುಂಬಯಿ ಸೇನೆಯ ಅಧಿಕಾರಿಯಾಗಿದ್ದ ಅವರನ್ನು 1824ರಲ್ಲಿ ಗವರ್ನರ್ ಎಲ್ಫಿನ್‌ಸ್ಟನ್ ಅಂಕಿಅಂಶ ಸಂಗ್ರಹಿಸುವ ಹುದ್ದೆಗೆ ನೇಮಿಸಿದರು. ದಖನ್ನಿನ ಜನಸಂಖ್ಯೆ, ಬೆಳೆ, ಹವೆ ಇತ್ಯಾದಿಗಳ ವಿವರ ಕಲೆಹಾಕುವುದು ಅವರ ಕೆಲಸ. ಪುಣೆ, ಅಹಮದ್‌ನಗರ, ಖಾನ್‌ದೇಶಗಳ ಜೊತೆ ನಮ್ಮ ಧಾರವಾಡವೂ ಅವರ ವರದಿಯಲ್ಲಿ ಸೇರಿತ್ತು. ಸರಕಾರಿ ಲೆಕ್ಕದ ಜೊತೆಗೇ ಸೈಕ್ಸ್ ಹಕ್ಕಿ, ಪ್ರಾಣಿ, ಮೀನುಗಳ ಲೆಕ್ಕವನ್ನೂ ಬರೆದರು. 1832ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ದಖನ್ನಿನ ಹಕ್ಕಿಗಳ ಪಟ್ಟಿ ಪ್ರಕಟಿಸಿದಾಗ, ಇಲ್ಲಿಯ ಹೊನ್ನಕ್ಕಿಯನ್ನು ಬೇರೆಯೇ ಜಾತಿಯೆಂದು ಪರಿಗಣಿಸಿ 'ಒರಿಯೋಲಸ್ ಕುಂಡೂ' ಎಂದು ಹೆಸರಿಟ್ಟರು.

ಆ ಕಾಲದಲ್ಲಿ ಹಕ್ಕಿಯನ್ನು 'ನೋಡುವುದು' ಎಂದರೆ ಬಹುತೇಕ ಬಂದೂಕಿನಿಂದ ಹೊಡೆದು, ಚರ್ಮ ಸುಲಿದು ಕಾಪಿಟ್ಟು, ಮೇಜಿನ ಮೇಲಿಟ್ಟು ಹೋಲಿಸುವುದೇ ಆಗಿತ್ತು. ಹಾಗೆ ಕೈಯಲ್ಲಿ ಹಿಡಿದು ನೋಡಿದಾಗ ಸಣ್ಣ ವ್ಯತ್ಯಾಸವೂ ತಿಳಿಯುತ್ತಿತ್ತು.

ಬಂತು, ಹೋಯಿತು, ಮತ್ತೆ ಬಂತು

20ನೇ ಶತಮಾನದಲ್ಲಿ ಶಾಸ್ತ್ರದ ಗಾಳಿ ಬದಲಾಯಿತು. ಬೇರೆ ಬೇರೆ ಪ್ರದೇಶಗಳ ಹೋಲುವ ಹಕ್ಕಿಗಳನ್ನು ಒಂದೇ ಜಾತಿಯ ಉಪಜಾತಿಗಳೆಂದು ಒಟ್ಟುಗೂಡಿಸುವ ಕ್ರಮ ಬಲವಾಯಿತು. ಸೈಕ್ಸರ ಹೊನ್ನಕ್ಕಿಯೂ ಯೂರೋಪಿನ ಹಕ್ಕಿಯ ಒಂದು ಕವಲಾಗಿ ಪಟ್ಟಿ ಸೇರಿತು. ಭಾರತೀಯರಿಗೆ ಹಕ್ಕಿ ನೋಡುವುದನ್ನು ಕಲಿಸಿದ ಸಲೀಂ ಅಲಿಯವರ ಪುಸ್ತಕಗಳೂ ಅದನ್ನು ಹಾಗೆಯೇ ಪರಿಗಣಿಸಿದವು.

ಇದು ಬರಿಯ ಹೆಸರಿನ ತಕರಾರಲ್ಲ. ಉಪಜಾತಿ ಎಂದಾದ ಮೇಲೆ ನಮ್ಮ ಹಕ್ಕಿಯ ಸಂಖ್ಯೆ, ನೆಲೆಗಳ ಲೆಕ್ಕ ಯೂರೋಪಿನ ಹಕ್ಕಿಯ ಲೆಕ್ಕದೊಳಗೇ ಸೇರಿಹೋಗುತ್ತದೆ. ಇಲ್ಲಿ ಅದು ಕಡಿಮೆಯಾದರೂ ಅಲ್ಲಿಯ ಸಂಖ್ಯೆ ಅದನ್ನು ಮರೆಮಾಚಬಹುದು. ಆದರೆ ಇವೆರಡರ ಬದುಕೇ ಬೇರೆ. ಯೂರೋಪಿನ ಹೊನ್ನಕ್ಕಿ ಚಳಿಗಾಲ ಕಳೆಯಲು ಆಫ್ರಿಕಕ್ಕೆ ಹಾರಿದರೆ, ಉತ್ತರ ಮತ್ತು ಮಧ್ಯ ಭಾರತದಲ್ಲಿ ಮರಿ ಮಾಡುವ ನಮ್ಮ ಹೊನ್ನಕ್ಕಿ ದಕ್ಷಿಣದ ತೋಪುಗಳಿಗೆ ಬರುತ್ತದೆ.

2005ರಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್ಟನ್ ದಕ್ಷಿಣ ಏಷ್ಯದ ಹಕ್ಕಿಗಳ ಕುರಿತ ಗ್ರಂಥದಲ್ಲಿ ಇವೆರಡನ್ನೂ ಮತ್ತೆ ಬೇರ್ಪಡಿಸಿದರು. 2010ರಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನವೂ ಇದಕ್ಕೆ ಬೆಂಬಲ ನೀಡಿತು. ಸೈಕ್ಸ್ ಇಟ್ಟ ಹೆಸರು ಹೀಗೆ 170ಕ್ಕೂ ಹೆಚ್ಚು ವರ್ಷಗಳ ನಂತರ ತನ್ನ ಹಳೆಯ ಸ್ಥಾನಕ್ಕೆ ಮರಳಿತು.

ಗುರುತಿಸುವುದು ಹೇಗೆ?

ಇನ್ನು ಆ ಗೆರೆಯ ವಿಷಯ. ಯೂರೋಪಿನ ಗಂಡು ಹೊನ್ನಕ್ಕಿಯಲ್ಲಿ ಕೊಕ್ಕಿನಿಂದ ಹೊರಟ ಕಪ್ಪು ಗೆರೆ ಕಣ್ಣಿಗೇ ನಿಲ್ಲುತ್ತದೆ. ನಮ್ಮದರಲ್ಲಿ ಕಣ್ಣನ್ನು ದಾಟಿ, ಉದ್ದಕ್ಕೆ ತೀಡಿದ ಕಾಡಿಗೆಯಂತೆ ಹಿಂದಕ್ಕೆ ಸಾಗುತ್ತದೆ. ಗೆರೆ ಇನ್ನೂ ಮುಂದುವರಿದು ಹಿಂದಲೆಯನ್ನು ಸುತ್ತಿದ್ದರೆ ಅದು ಪೂರ್ವ ಏಷ್ಯದಿಂದ ಚಳಿಗಾಲದಲ್ಲಿ ಬರುವ ಇನ್ನೊಂದು ಜಾತಿ. ತಲೆಯೆಲ್ಲ ಕಪ್ಪಾಗಿದ್ದರೆ ಅದು ಮಲೆನಾಡಿನಲ್ಲಿ ವರ್ಷವಿಡೀ ಕಾಣುವ ಕರಿತಲೆಯ ಹೊನ್ನಕ್ಕಿ. ಹೆಣ್ಣಿನ ಮೈ ಹಸಿರು ಬೆರೆತ ಹಳದಿ, ಹೊಟ್ಟೆಯ ಮೇಲೆ ಕಂದು ಗೀರು. ಎಲೆಗಳ ನಡುವೆ ಅದನ್ನು ಹುಡುಕುವುದು ಇನ್ನೂ ಕಷ್ಟ.

ಕಾಜಾಣ ಗೂಡು ಕಟ್ಟಿದ ಮರದಲ್ಲೇ ಹೊನ್ನಕ್ಕಿಯೂ ಹಲವು ಸಲ ಗೂಡು ಕಟ್ಟುತ್ತದೆ. ಕಾಗೆಯನ್ನೂ ಅಟ್ಟಿಸಿಕೊಂಡು ಹೋಗುವ ನೆರೆಯವನಿದ್ದರೆ ಮೊಟ್ಟೆಗಳಿಗೆ ಕಾವಲು ಸಿಕ್ಕಂತೆ! ಕೊಂಬೆಯ ಕವಲಿಗೆ ತೊಟ್ಟಿಲಿನಂತೆ ತೂಗುಹಾಕಿದ ಈ ಗೂಡಿಗೂ ಎತ್ತರದ ಮರವೇ ಬೇಕು. ರಸ್ತೆ ಅಗಲ ಮಾಡಲು ಸಾಲುಮರ ಕಡಿದಾಗ, ಹಳೆಯ ತೋಪು ನಿವೇಶನವಾದಾಗ ಹೊನ್ನಕ್ಕಿಯ ನೆಲೆಯೂ ಅದರ ಜೊತೆ ಹೋಗುತ್ತದೆ.

ಚಳಿಗಾಲದ ಬೆಳಗ್ಗೆ ಊರಿನ ಆಲದ ಮರ ಹಣ್ಣು ಬಿಟ್ಟಿದ್ದರೆ ಅದರ ಕೆಳಗೆ ಅರ್ಧ ಗಂಟೆ ನಿಂತು ನೋಡಿ. ಸಿಳ್ಳೆ ಕೇಳಿದ ಕಡೆ ಕಣ್ಣಿಡಿ. ಹಳದಿ ಕಂಡೊಡನೆ ಹೊರಟುಬಿಡದೆ, ಕಾಡಿಗೆ ಗೆರೆ ಎಲ್ಲಿಯವರೆಗೆ ಸಾಗಿದೆ ಎಂದು ನೋಡಿ, ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ. ಸೈಕ್ಸ್ ಅಂದು ಬಂದೂಕು ಹಿಡಿದು ಮಾಡಿದ್ದನ್ನು ಇಂದು ಒಂದು ಬೈನಾಕ್ಯುಲರ್, ಒಂದು ನೋಟ್ ಪುಸ್ತಕದಿಂದ ಯಾರು ಬೇಕಾದರೂ ಮಾಡಬಹುದು.