ಹಾಂಗ್‌ಕಾಂಗ್ ಗುಲಾಬಿ ನಿಜಕ್ಕೂ ಗುಲಾಬಿಯೇ?

ಮರದ ತುಂಬ ತಲೆಕೆಳಗಾಗಿ ತೂಗುವ ಕೆಂಪು ಹೂಗಳು, ಅದಕ್ಕೆ ‘ಹಾಂಗ್‌ಕಾಂಗ್ ಗುಲಾಬಿ’ ಎಂಬ ಹೆಸರು. ಹೆಸರು ನೋಡಿ ಮೋಸಹೋಗಬೇಡಿ, ಇದಕ್ಕೂ ಗುಲಾಬಿಗೂ ನಂಟಿಲ್ಲ.

ಇದರ ವೈಜ್ಞಾನಿಕ ಹೆಸರು ರೋಡೋಲಿಯಾ ಚಾಂಪಿಯೋನಿಯೈ. ವಿಚ್ ಹೇಜಲ್ ಕುಟುಂಬಕ್ಕೆ ಸೇರಿದ, ವರ್ಷವಿಡೀ ಹಸಿರಾಗಿರುವ ಮರ. 1849ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕ್ಯಾಪ್ಟನ್ ಜಾನ್ ಜಾರ್ಜ್ ಚಾಂಪಿಯನ್ ಹಾಂಗ್‌ಕಾಂಗ್‌ನ ಅಬರ್ಡೀನ್ ಬಳಿ ಇದನ್ನು ಕಂಡರು. ಹೆಸರಿನಲ್ಲಿ ಅವರೂ ಉಳಿದಿದ್ದಾರೆ. ಇಂದು ಅಲ್ಲಿನ ಕಾನೂನು ಈ ಮರವನ್ನು ರಕ್ಷಿಸುತ್ತದೆ.

ಅದು ಒಂದೇ ಹೂವೇ?
ಅಲ್ಲ. ಒಂದು ಹೂವಿನಂತೆ ಕಾಣುವುದು ಐದಾರು ಪುಟ್ಟ ಹೂಗಳ ಗೊಂಚಲು. ಎಸಳುಗಳೆಲ್ಲ ಹೊರಗಡೆಗೇ ಇರುವುದರಿಂದ ಒಂದೇ ಹೂವೆಂಬ ಭ್ರಮೆ. ಕೀಟಗಳು ವಿರಳವಾದ ಚಳಿಗಾಲದ ಕೊನೆಗೆ ಹೂ ಬಿಡುತ್ತದೆ. ಮಕರಂದ ಹೀರಲು ಬರುವ ಸೂರಕ್ಕಿಯಂಥ ಹಕ್ಕಿಗಳೇ ಪರಾಗ ಒಯ್ಯುತ್ತವೆ.

ಹಾಂಗ್‌ಕಾಂಗ್ ಧ್ವಜದಲ್ಲಿರುವುದು ಇದೇ ಹೂವೇ?
ಅಲ್ಲ. ಅದು ಬೌಹೀನಿಯಾ, ನಮ್ಮ ಮಂದಾರದ ಬಳಗದ್ದು.

ಇದನ್ನು ಚರ್ಮಕ್ಕೆ ಹಚ್ಚಬಹುದೇ?
ಬೇಡ. ಅಂಗಡಿಯಲ್ಲಿ ಸಿಗುವ ‘ವಿಚ್ ಹೇಜಲ್’ ಲೋಷನ್ ತಯಾರಾಗುವುದು ಉತ್ತರ ಅಮೆರಿಕದ ಹಮಾಮೆಲಿಸ್ ವರ್ಜಿನಿಯಾನಾ ಎಂಬ ಬೇರೊಂದು ಗಿಡದಿಂದ. ಒಂದೇ ಕುಟುಂಬವೆಂದ ಮಾತ್ರಕ್ಕೆ ಗುಣವೂ ಒಂದೇ ಆಗದು. ಆಲೂಗಡ್ಡೆಯೂ ಉಮ್ಮತ್ತಿಯೂ ಒಂದೇ ಕುಟುಂಬದವು, ಆದರೆ ಉಮ್ಮತ್ತಿಯನ್ನು ಯಾರೂ ಪಲ್ಯ ಮಾಡುವುದಿಲ್ಲ!

ಫೋಟೋ ಚೆನ್ನಾಗಿದ್ದರೆ ಹಂಚಿಕೊಳ್ಳಿ. ಜೊತೆಗೆ ‘ಮನೆಮದ್ದು’ ಎಂಬ ಸಾಲಿದ್ದರೆ ಅದನ್ನು ಮಾತ್ರ ಅಳಿಸಿ ಕಳಿಸಿ.