ತುಳು-ತಿಗಳಾರಿ ಲಿಪಿಗೆ ಯುನಿಕೋಡ್ ಸ್ಥಾನ: ಇನ್ನೂ ಉಳಿದಿರುವ ಹ್ರಸ್ವ ‘ಎ’, ‘ಒ’

ಬಿ.ಸಿ.ರೋಡ್: ಕರಾವಳಿ ಮತ್ತು ಮಲೆನಾಡಿನ ತಾಳೆಗರಿಗಳಲ್ಲಿ ಬಳಕೆಯಲ್ಲಿದ್ದ ತುಳು-ತಿಗಳಾರಿ ಲಿಪಿಯು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಯುನಿಕೋಡ್ 16.0 ಆವೃತ್ತಿಯಲ್ಲಿ ಸ್ಥಾನ ಪಡೆಯಿತು. ವೈಷ್ಣವಿ ಮೂರ್ತಿ ಯರ್ಕಡಿತ್ತಾಯ ಹಾಗೂ ವಿನೋದ್ ರಾಜನ್ ಪ್ರಸ್ತಾವನೆ ಸಲ್ಲಿಸಿದ್ದರು. ಒಟ್ಟು 80 ಸಂಕೇತಗಳಿದ್ದು, ಮೊದಲ ಅಕ್ಷರ ‘ಅ’ಕಾರಕ್ಕೆ 11380 ಎಂಬ ಸಂಖ್ಯೆ ದೊರೆತಿದೆ.

ಈ ಸಂಖ್ಯೆಯ ಮಹತ್ವ ಸಣ್ಣದಲ್ಲ. ಕನ್ನಡ ಅಕ್ಷರಗಳ ಸಂಕೇತಗಳ ಮೇಲೆ ತುಳು ರೂಪಗಳನ್ನು ಕೂರಿಸಿದ ಫಾಂಟ್ ಬಳಸಿದರೆ, ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಬರಹ ಕನ್ನಡವಾಗಿಯೇ ಕಾಣುತ್ತದೆ. ಸ್ವಂತ ಸಂಕೇತವಿದ್ದಾಗ ಲಿಪಿಯ ಗುರುತು ಅಳಿಯುವುದಿಲ್ಲ. ಹಸ್ತಪ್ರತಿಯ ಪಠ್ಯವನ್ನು ಮೂಲ ಲಿಪಿಯಲ್ಲೇ ಹುಡುಕಬಹುದು.

ಗ್ರಂಥ ಲಿಪಿಯಿಂದ ಕವಲೊಡೆದ ಈ ಲಿಪಿಯಲ್ಲಿ ಸಂಸ್ಕೃತ ಹಸ್ತಪ್ರತಿಗಳೇ ಅಧಿಕ. ‘ಶ್ರೀ ಭಾಗವತೊ’, ‘ಕಾವೇರಿ’ಯಂತಹ ತುಳು ಕಾವ್ಯಗಳೂ ದೊರೆತಿವೆ. ಆದರೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ತುಳು ಪುಸ್ತಕಗಳಿಗೆ ಕನ್ನಡ ಲಿಪಿಯನ್ನು ಬಳಸಿತು. ತುಳು ಮುದ್ರಣವು ಅದೇ ಹಾದಿಯಲ್ಲಿ ಸಾಗಿತು.

ಸಂಕೇತೀಕರಣಕ್ಕೆ ಆಧಾರವಾದುದು ಹಸ್ತಪ್ರತಿಗಳ ಲಿಪಿ. ಸಂಸ್ಕೃತಕ್ಕೆ ಹ್ರಸ್ವ ‘ಎ’, ‘ಒ’ ಬೇಕಿಲ್ಲ. ಹೀಗಾಗಿ 16.0 ಆವೃತ್ತಿಯಲ್ಲಿ ‘ಏ’, ‘ಓ’ ಮಾತ್ರ ಇವೆ. ‘ಬಂಟ್ವಾಳ’ ಎಂದು ಬರೆಯಲು ತೊಡಕಿಲ್ಲ. ‘ಬೆಳ್ತಂಗಡಿ’, ‘ಮೂಡುಬಿದಿರೆ’ ಎಂದು ಬರೆಯಲು ಹ್ರಸ್ವ ಎಕಾರದ ಪ್ರತ್ಯೇಕ ಚಿಹ್ನೆ ಇಲ್ಲ. ‘ಎನ್ನ’, ‘ಒಂಜಿ’ ಎಂಬ ನಿತ್ಯದ ತುಳು ಪದಗಳಿಗೂ ಇದೇ ಸ್ಥಿತಿ.

ಒಮ್ಮೆ ನೀಡಿದ ಸಂಕೇತವನ್ನು ಯುನಿಕೋಡ್ ಹಿಂಪಡೆಯುವುದಿಲ್ಲ, ಸ್ಥಳಾಂತರಿಸುವುದೂ ಇಲ್ಲ. ಆದರೆ ಬಳಕೆಯ ಆಧಾರಗಳೊಂದಿಗೆ ಪ್ರಸ್ತಾವನೆ ಸಲ್ಲಿಸಿ ಹೊಸ ಅಕ್ಷರ ಸೇರಿಸಲು ಅವಕಾಶವಿದೆ. ಸ್ವರಗಳ ಸಾಲಿನಲ್ಲಿ ಕೆಲವು ಸ್ಥಾನಗಳನ್ನು ಖಾಲಿ ಬಿಡಲಾಗಿದೆ.