ಶುವೈಖ್‌ನ ಕಾರು, ಕ್ಯಾಲಿಫೋರ್ನಿಯಾದ ಹೊಗೆ

ಕುವೈತಿನಲ್ಲಿ ಕಾರು ಕೆಟ್ಟರೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾಕ್ಕೆ ಒಯ್ಯುವುದು ವಾಡಿಕೆ. ಸಾಲು ಸಾಲು ಗ್ಯಾರೇಜು, ಸ್ಪೇರ್ ಪಾರ್ಟ್ಸ್ ಅಂಗಡಿ. ಅರಬ್ಬಿ, ಉರ್ದು, ಮಲಯಾಳಗಳ ನಡುವೆ ನಮ್ಮ ತುಳುವೂ ಕೇಳಿಸುತ್ತದೆ. 'ಖರಬಾನ್' ಅಂದರೆ ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತು. ಏನು ಕೆಟ್ಟಿದೆ ಎನ್ನಲು ಮಾತ್ರ ಈಗ ಸ್ಕ್ಯಾನರ್ ಬೇಕು. ಗ್ಯಾರೇಜುಗಳಿಗೆ ಸ್ಕ್ಯಾನರ್ ಒದಗಿಸುವುದು, ಅದರ ಮುಂದಿನ ಆವೃತ್ತಿಯಲ್ಲಿ ಏನಿರಬೇಕೆಂದು ಮೆಕ್ಯಾನಿಕ್ಕುಗಳನ್ನು ಕೇಳಿ ತಯಾರಕರಿಗೆ ಪಟ್ಟಿ ಕಳಿಸುವುದು ನನ್ನ ಕೆಲಸ. ಈಗಾಗಲೇ ಅದರಲ್ಲಿರುವುದನ್ನು ಯಾರು ತೀರ್ಮಾನಿಸಿದರು ಎಂದು ಹುಡುಕುತ್ತ ಹೋದರೆ ಸಿಗುವುದು ಲಾಸ್ ಏಂಜಲೀಸಿನ ಹೊಗೆ.

ಆ ಊರಿನ ಕಣ್ಣುರಿಸುವ ಮಬ್ಬಿಗೆ ಕಾರುಗಳ ಹೊಗೆ, ಬಿಸಿಲು ಸೇರಿ ಕಾರಣವೆಂದು 1950ರ ಸುಮಾರಿಗೆ ತೋರಿಸಿಕೊಟ್ಟವರು ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್. ಮುಂದೆ ಅವರೇ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಮೊದಲ ಅಧ್ಯಕ್ಷರಾದರು. ಹೊಗೆಗೆ ಮಿತಿ ಬಿದ್ದ ಮೇಲೆ ಎಂಜಿನ್ನಿಗೆ ಕಂಪ್ಯೂಟರ್ ಬಂತು. 1980ರ ದಶಕದ ಜನರಲ್ ಮೋಟರ್ಸ್ ಕಾರುಗಳಲ್ಲಿ ಎರಡು ಪಿನ್ನುಗಳಿಗೆ ತಂತಿಯ ತುಂಡು ಸಿಕ್ಕಿಸಿದರೆ ಡ್ಯಾಶ್‌ಬೋರ್ಡಿನ ದೀಪ ಮಿನುಗಿ ಕೋಡ್ ಹೇಳುತ್ತಿತ್ತು. ಒಂದು ಮಿನುಗು, ಬಿಡುವು, ಎರಡು ಮಿನುಗು: ಕೋಡ್ 12. ಎಂಜಿನ್ ಆಫ್ ಇದ್ದಾಗ ಇದು ಬಂದರೆ ಪರೀಕ್ಷೆಯ ವ್ಯವಸ್ಥೆ ಸರಿಯಾಗಿದೆ ಎಂದರ್ಥ. ಸ್ಕ್ಯಾನರೇ ಬೇಕಿರಲಿಲ್ಲ!

ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಇಂಥ ಸ್ವಯಂಪರೀಕ್ಷೆಯನ್ನು ಕಡ್ಡಾಯ ಮಾಡಿತು. ಆದರೆ ಒಂದೊಂದು ಕಂಪನಿಗೆ ಒಂದೊಂದು ಪ್ಲಗ್ಗು, ಒಂದೊಂದು ಭಾಷೆ. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ 16 ಪಿನ್ನಿನ ಪ್ಲಗ್ಗು, ಸಮಾನ ಕೋಡ್‌ಗಳು ಬಂದವು. ಜೊತೆಗೆ 'ಫ್ರೀಜ್ ಫ್ರೇಮ್': ದೋಷ ದಾಖಲಾದ ಕ್ಷಣದ ವೇಗ, ಎಂಜಿನ್ನಿನ ತಿರುಗು, ಕೂಲಂಟಿನ ಬಿಸಿ ಎಲ್ಲವೂ ನೆನಪಿನಲ್ಲಿ. ಪ್ರೋಗ್ರಾಂ ಕುಸಿದಾಗ ಉಳಿಯುವ ಕೋರ್ ಡಂಪ್ ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಕಾನೂನು ಕೇಳಿದ್ದು ಹೊಗೆಯ ಲೆಕ್ಕ ಮಾತ್ರ. ಏಸಿ, ಬ್ರೇಕಿನ ಎಬಿಎಸ್, ಏರ್‌ಬ್ಯಾಗುಗಳ ಮಾತು ಆಯಾ ಕಂಪನಿಯ ಗುಟ್ಟಾಗಿಯೇ ಉಳಿಯಿತು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ನಾಡಿದು. ಇಲ್ಲಿ ಪಟ್ಟಿ ಬರೆದಿದ್ದರೆ ಏಸಿಯೇ ಮೊದಲು ಬರುತ್ತಿತ್ತು.

2005ರಲ್ಲಿ ಕೆನಡಾದ ಚಿಕ್ಕ ಕಂಪನಿಯೊಂದು ಇಎಲ್‌ಎಂ327 ಚಿಪ್ ತಂದಿತು. ಅದರ ನಕಲುಗಳು ಎಲ್ಲೆಡೆ ಹರಡಿದವು. ಈಗ ಗಿರಾಕಿಯೇ ಫೋನಿನಲ್ಲಿ ಕೋಡ್ ಓದಿಕೊಂಡು ಬಂದು ಇಂಥ ಭಾಗ ಹಾಕು ಎನ್ನುತ್ತಾನೆ. ಪಿ0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದಷ್ಟೇ. ಸೀಳಿದ ರಬ್ಬರ್ ಹೋಸ್ ಇರಬಹುದು, ಸೋತ ಪಂಪ್ ಇರಬಹುದು, ಧೂಳು ಕೂತ ಸೆನ್ಸರ್ ಇರಬಹುದು. ಕೋಡ್ ನಂಬಿ ಹುಡುಗ ಆಕ್ಸಿಜನ್ ಸೆನ್ಸರ್ ಬದಲಿಸುತ್ತಾನೆ, ಕಾರು ಮರುದಿನ ವಾಪಸು ಬರುತ್ತದೆ. ಆ ದುಡ್ಡು ಅವನ ಸಂಬಳದಲ್ಲಿ ಕಡಿತವಾಗುವುದುಂಟು. ಊರಿಗೆ ಹೋಗಬೇಕಿದ್ದ ದುಡ್ಡು ಅದು.

ತಯಾರಕರಿಗೋ ಡಬ್ಬದ ಮೇಲೆ ಇನ್ನಷ್ಟು ಕಾರುಗಳ ಹೆಸರು ಅಚ್ಚಾಗಬೇಕು, ಮಾರಾಟವಾಗುವುದು ಅದು. ಮಂಗಳೂರು ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ್ದು ಬೇರೆ: "ಕೋಡ್ ಸಾಕು ಮಾರಾಯ್ರೇ. ಕೆಡುವ ಮೊದಲಿನ ಎರಡು ನಿಮಿಷ ತೋರಿಸ್ಲಿಕ್ಕೆ ಆಗ್ತದಾ ಕೇಳಿ." ಒಂದು ಕ್ಷಣದ ಚಿತ್ರ ಅವರಿಗೆ ಸಾಲದು, ಹಿಂದಿನ ಓಟವೇ ಬೇಕು. ಈ ಸಲದ ಪಟ್ಟಿಯಲ್ಲಿ ಅದನ್ನು ಏಸಿಗಿಂತಲೂ ಮೇಲೆ ಬರೆದು ಕಳಿಸಿದ್ದೇನೆ.